ಕೃಪಾಂಕ

ಡಾಕ್ಟ್ರು ಕೊಟ್ಟ ಹಾಳೆಯಲ್ಲಿ ಏಳು ಸಾಲುಗಳಿದ್ದವು. ಒಂದೊಂದು ಸಾಲಿಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಟ್ಟು 70. ಕೆಳಗಡೆ ಅವರೇ ಪೆನ್ನಿನಲ್ಲಿ 35 ಎಂದು ಬರೆದು ಸುತ್ತು ಹಾಕಿದ್ದರು. "ಇದಕ್ಕಿಂತ ಮೇಲಿದ್ರೆ ನೋಡೋಣ ಮೇಡಂ. ಕೆಳಗೆ ಇಳೀತಾ ಹೋದ್ರೆ ನನಗೊಂದು ಫೋನ್ ಮಾಡಿ."

ಅಂಥ ಹೊತ್ತಿನಲ್ಲೂ ನಗು ಬಂತು. 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. 35 ಎನ್ನುವ ಪಾಸಿನ ಅಂಕದ ಜೊತೆಗೇ ಸಂಸಾರ ಮಾಡಿದವಳು. ಶಾಲೆಯ ಪರೀಕ್ಷೆಯಲ್ಲಿ 32 ಬಂದ ಹುಡುಗನ ಪೇಪರನ್ನು ಮತ್ತೆ ಮೊದಲಿನಿಂದ ತಿರುವಿ, ಎಲ್ಲಾದರೂ ಅರ್ಧ ಅಂಕ ಹೊರಡುತ್ತದೆಯೇ ಎಂದು ಹುಡುಕಿದ್ದು ಎಷ್ಟು ಸಲವೋ. ಸೂತ್ರ ಸರಿಯಾಗಿ ಬರೆದಿದ್ದಾನೆ, ಅದಕ್ಕೊಂದು. ಚಿತ್ರ ಬರೆಯಲು ಹೋಗಿದ್ದಾನೆ ಪಾಪ, ಅದಕ್ಕೊಂದು. ಸ್ಟಾಫ್ ರೂಮಿನಲ್ಲಿ ನನ್ನನ್ನು ಕೃಪಾಂಕದ ಟೀಚರ್ ಎಂದೇ ಕರೆಯುತ್ತಿದ್ದರು. ಆ ಅಭ್ಯಾಸ ನಮ್ಮ ಗುಂಡನಿಗೆ ಎಷ್ಟು ನೋವು ಕೊಟ್ಟಿತು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುಂಡ ಲ್ಯಾಬ್ರಡಾರ್. ಮಗ ಪಿಯುಸಿ ಓದುವಾಗ ಗೆಳೆಯನ ಮನೆಯಿಂದ ಷೂ ಡಬ್ಬದಲ್ಲಿಟ್ಟುಕೊಂಡು ತಂದ ಮರಿ. "ಇದರ ಗಲೀಜು ಯಾರೋ ಬಳೀತಾರೆ?" ಎಂದು ಬೈದವಳು ನಾನೇ, ಬಳಿದವಳೂ ನಾನೇ. ಮಗ ಓದು, ಕೆಲಸ ಎಂದು ಜರ್ಮನಿ ಸೇರಿಕೊಂಡ. ಗುಂಡ ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಜಗಲಿಯ ಮೇಲೆ ಉಳಿದುಕೊಂಡ. 9 ವರ್ಷ, 34 ಕೆಜಿ. ಮೊಸರಿನ ಪಾತ್ರೆಯ ಮುಚ್ಚಳ ಸದ್ದು ಮಾಡಿದರೆ ಎಲ್ಲಿದ್ದರೂ ಹಾಜರು.

ದಸರೆಯ ಹೊತ್ತಿಗೆ ಬಲ ಮುಂಗಾಲಿನಲ್ಲಿ ಕುಂಟತೊಡಗಿದ. ಉಳುಕಿರಬೇಕು ಎಂದುಕೊಂಡೆವು. ನಮ್ಮನೆಯವರು ತಾವು ಮಂಡಿಗೆ ಹಚ್ಚಿಕೊಳ್ಳುವ ಎಣ್ಣೆಯನ್ನೇ ಬಿಸಿ ಮಾಡಿ ಅವನಿಗೂ ಉಜ್ಜಿದರು. ಗುಂಡ ಸುಮ್ಮನೆ ಉಜ್ಜಿಸಿಕೊಂಡ. ಎರಡು ವಾರವಾದರೂ ಕುಂಟು ಹೋಗಲಿಲ್ಲ, ಮಣಿಕಟ್ಟಿನ ಮೇಲೆ ಕಲ್ಲಿನಂಥ ಊತ ಬಂತು. ಎಕ್ಸ್‌ರೇ ಹಿಡಿದು ಬೆಳಕಿಗೆ ಎತ್ತಿದಾಗ ಆ ಜಾಗದ ಮೂಳೆ ಗೆದ್ದಲು ತಿಂದ ಕಿಟಕಿ ಚೌಕಟ್ಟಿನ ಹಾಗೆ ಕಂಡಿತು. ಸೂಜಿಯಲ್ಲಿ ತೆಗೆದು ಕಳಿಸಿದ್ದರ ವರದಿ ದೀಪಾವಳಿಯ ಮುಂಚಿನ ದಿನ ಬಂತು. ಆಸ್ಟಿಯೋಸಾರ್ಕೋಮ, ಮೂಳೆಯ ಕ್ಯಾನ್ಸರ್.

ನಾಯಿಗಳ ಮೂಳೆಯಲ್ಲಿ ಹುಟ್ಟುವ ಕ್ಯಾನ್ಸರಿನಲ್ಲಿ ಬಹುಪಾಲು ಇದೇ. ಗ್ರೇಟ್ ಡೇನ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ಮೈಯವಕ್ಕೆ ಹೆಚ್ಚು, ಲ್ಯಾಬ್ರಡಾರಿಗೂ ಬರುತ್ತದೆ. ಮುಂಗಾಲಿನಲ್ಲಾದರೆ ಮಣಿಕಟ್ಟಿನ ಹತ್ತಿರ ಇಲ್ಲವೇ ಭುಜದ ಹತ್ತಿರ, ಹಿಂಗಾಲಿನಲ್ಲಾದರೆ ಮಂಡಿಯ ಅಕ್ಕಪಕ್ಕ. ಪತ್ತೆಯಾಗುವ ಹೊತ್ತಿಗೆ ನೂರಕ್ಕೆ 90 ನಾಯಿಗಳಲ್ಲಿ ಎಕ್ಸ್‌ರೇಗೂ ಕಾಣದಷ್ಟು ಸಣ್ಣ ಕಣಗಳಾಗಿ ಶ್ವಾಸಕೋಶಕ್ಕೆ ಹೋಗಿ ಕೂತಿರುತ್ತದೆ. ಕಾಲು ತೆಗೆದರೆ ನೋವು ಹೋಗುತ್ತದೆ, ಆಯಸ್ಸು ಸಾಮಾನ್ಯವಾಗಿ ನಾಲ್ಕೈದು ತಿಂಗಳು. ಅದರ ಮೇಲೆ ಕಿಮೋ ಕೊಟ್ಟರೆ ಹತ್ತು–ಹನ್ನೆರಡು ತಿಂಗಳವರೆಗೆ ಎಳೆಯಬಹುದು. ಕಾಲು ತೆಗೆಯುವುದೆಂದರೆ ನಮಗೆ ಎದೆ ಝಲ್ಲೆನ್ನುತ್ತದೆ. ನಾಯಿಗೆ ಹಾಗಿಲ್ಲ. ಬಹುಪಾಲು ನಾಯಿಗಳು ಮೂರು ಕಾಲಿನಲ್ಲಿ ಚೆನ್ನಾಗಿಯೇ ಓಡಾಡಿಕೊಂಡಿರುತ್ತವೆ, ಬೀದಿಯವರು ನೋಡಿ ಏನಂದುಕೊಂಡಾರು ಎನ್ನುವ ಚಿಂತೆ ಅವಕ್ಕಿಲ್ಲ. ಆದರೆ ಗುಂಡನ ಸೊಂಟದ ಕೀಲುಗಳು ಮೊದಲೇ ಸವೆದಿದ್ದವು. ಮೂರು ಕಾಲಿನ ಮೇಲೆ ಆ ಮೈ ನಿಲ್ಲುವುದು ಕಷ್ಟ ಎಂದರು ಡಾಕ್ಟ್ರು. ಖರ್ಚೂ ಲಕ್ಷದ ಮೇಲೆ ಹೋಗುವ ಮಾತಾಗಿತ್ತು. ದುಡ್ಡಿನ ಲೆಕ್ಕ ಹಾಕಲಿಲ್ಲ ಎಂದರೆ ಸುಳ್ಳಾಗುತ್ತದೆ, ಹಾಕಿದೆವು.

ಹಾಗಾಗಿ ನೋವಿನ ಮಾತ್ರೆ, ಅಷ್ಟೇ. ಮೆಲಾಕ್ಸಿಕಾಮ್, ಅದರ ಜೊತೆ ಗ್ಯಾಬಪೆಂಟಿನ್. ಇಲ್ಲಿ ಒಂದು ಮಾತು. ನೋವಿನ ನಾಯಿ ಮನೆಯಲ್ಲಿದ್ದರೆ ಬಂದವರೆಲ್ಲ ತಮ್ಮ ಬ್ಯಾಗಿನಿಂದ ಒಂದೊಂದು ಮಾತ್ರೆ ತೆಗೆಯುತ್ತಾರೆ. ನಾವು ಬೆನ್ನುನೋವಿಗೆ ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪಕ್ಕದ ಮನೆಯವರು ಪ್ರೀತಿಯಿಂದಲೇ ಅರ್ಧ ಮಾತ್ರೆ ತಂದಿದ್ದರು. ತೆಗೆದುಕೊಂಡು, ಅವರು ಹೋದ ಮೇಲೆ ಕಸಕ್ಕೆ ಹಾಕಿದೆ.

ಹೊರಡುವಾಗ ಡಾಕ್ಟ್ರು ಇನ್ನೊಂದು ಮಾತು ಹೇಳಿದ್ದರು. ಆ ಮೂಳೆ ಒಳಗೊಳಗೇ ಪೊಳ್ಳಾಗುತ್ತಿದೆ, ಒಂದು ದಿನ ಸುಮ್ಮನೆ ಕಾಲಿಟ್ಟರೂ ಮುರಿಯಬಹುದು, ಮುರಿದರೆ ಅದು ಕೂಡಿಕೊಳ್ಳುವುದಿಲ್ಲ. ಆ ಮಾತು ಕೇಳಿಸಿಕೊಂಡೆ. ಕೇಳಿಸಿಕೊಂಡದ್ದು ಚೆನ್ನಾಗಿ ನೆನಪಿದೆ.

ಕೊನೆ ಯಾವಾಗ ಎನ್ನುವ ಪ್ರಶ್ನೆಗೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಉತ್ತರ. "ಅನ್ನ ಬಿಟ್ಟಮೇಲೆ ನೋಡೋಣ." ನಮ್ಮನೆಯವರು ಹೇಳಿದ್ದು ಅದೇ, ನಂಜನಗೂಡಿನಿಂದ ಫೋನ್ ಮಾಡಿದ ಅಣ್ಣ ಹೇಳಿದ್ದೂ ಅದೇ. ಮನುಷ್ಯರ ಕೊನೆಗಾಲವನ್ನೂ ಹಾಗೇ ಅಳೆದವರು ನಾವು. ಅಜ್ಜಿ ಅನ್ನ ಬಿಟ್ಟರು ಎಂದರೆ ನೆಂಟರಿಗೆಲ್ಲ ಹೇಳಿಕಳಿಸುವ ಕಾಲ ಬಂತೆಂದು ಅರ್ಥ. ಎತ್ತು ಮೇವು ಬಿಟ್ಟರೂ ಹಾಗೇ.

ಈ ಅಳತೆ ಗುಂಡನ ವಿಷಯದಲ್ಲಿ ಪೂರಾ ಕೈಕೊಟ್ಟಿತು. ಅವನು ಅನ್ನ ಬಿಡಲೇ ಇಲ್ಲ. ಲ್ಯಾಬ್ರಡಾರಿನ ಹಸಿವು ಅದರ ಕಾಲಿನ ಮಾತು ಕೇಳುವುದಿಲ್ಲ. ಉಲ್ಟಾ ಉದಾಹರಣೆಯೂ ನಮ್ಮ ಬೀದಿಯಲ್ಲೇ ಇತ್ತು. ಮೂರನೇ ಮನೆಯ ಪಾಮರೇನಿಯನ್‌ಗೆ ಮೂತ್ರಪಿಂಡ ಸೋತಿತ್ತು. ಆ ಕಾಯಿಲೆಯಲ್ಲಿ ರಕ್ತದಲ್ಲಿ ಕಶ್ಮಲ ಏರಿ ಓಕರಿಕೆ ಹುಟ್ಟುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ, ನಾಯಿ ತಟ್ಟೆಯಿಂದ ಮುಖ ತಿರುಗಿಸುತ್ತದೆ. ಮನೆಯವರು ಅಳುತ್ತಾ ದೇವರ ಮುಂದೆ ದೀಪ ಹಚ್ಚಿದರು. ಚರ್ಮದ ಕೆಳಗೆ ಎರಡು ದಿನ ಸಲೈನ್ ಏರಿಸಿದ ಮೇಲೆ ಅದು ಎದ್ದು ಕೋಳಿ ಸಾರು ಕುಡಿಯಿತು. ಹೀಗೆ ಮೂರು ಸಲ ಅನ್ನ ಬಿಟ್ಟು ಮೂರು ಸಲ ಹಿಡಿಯಿತು. ಹೃದಯದ ಕಾಯಿಲೆಯ ನಾಯಿಗಳಲ್ಲಿ ತಟ್ಟೆಗಿಂತ ಗಡಿಯಾರ ನಂಬಿಕೆಯದು. ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಬೇಕು, 30ರ ಮೇಲೆ ಹೋಗುತ್ತಿದ್ದರೆ ಎದೆಯಲ್ಲಿ ನೀರು ತುಂಬುತ್ತಿರಬಹುದು, ಡಾಕ್ಟರಿಗೆ ಹೇಳಬೇಕು. ಒಂದೊಂದು ಕಾಯಿಲೆ ಒಂದೊಂದು ಬಾಗಿಲಿನಿಂದ ಬರುತ್ತದೆ. ನಾವು ಅಡುಗೆಮನೆಯ ಬಾಗಿಲೊಂದನ್ನೇ ಕಾಯುತ್ತಾ ಕೂತಿರುತ್ತೇವೆ.

ಬಾಲದ ಮಾತೂ ಅಷ್ಟೇ. "ಇನ್ನೂ ಬಾಲ ಆಡಿಸ್ತಾನಲ್ಲ!" ಬಾಲ ಆಡಿಸುವುದು ನಮ್ಮನ್ನು ಕಂಡ ಸಂತೋಷಕ್ಕೆ. ನೋವಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ ಆಗಲಾರದು. ಜ್ವರದಲ್ಲಿ ಮಲಗಿದ್ದರೂ ಬಂದವರಿಗೆ ಕಾಫಿ ಮಾಡಲೇ ಎಂದು ಕೇಳುವ ಹೆಂಗಸರನ್ನು ನಾವು ನೋಡಿಲ್ಲವೇ?

ಹಾಗಾದರೆ ನಾಯಿಯ ನೋವು ಹೇಗೆ ಕಾಣುತ್ತದೆ? ಕೂಗಾಟದಲ್ಲಂತೂ ಅಪರೂಪ. ದಿನಗಟ್ಟಲೆ ಇರುವ ನೋವನ್ನು ಅವು ಸದ್ದಿಲ್ಲದೆ ಹೊರುತ್ತವೆ. ಡಿಸೆಂಬರ್ ಚಳಿಯ ರಾತ್ರಿಯಲ್ಲಿ, ಸೆಕೆಯಿಲ್ಲದಿದ್ದರೂ, ಗುಂಡ ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದ. ಜಗಲಿಯಿಂದ ಹಜಾರಕ್ಕೆ, ಹಜಾರದಿಂದ ಬಚ್ಚಲ ಬಾಗಿಲಿಗೆ ಜಾಗ ಬದಲಿಸುತ್ತಿದ್ದ, ಎಲ್ಲೂ ಮೈ ಪೂರ್ತಿ ಚೆಲ್ಲಿ ಮಲಗುತ್ತಿರಲಿಲ್ಲ. ಊದಿದ ಜಾಗವನ್ನು ಕೂದಲು ಉದುರುವಷ್ಟು ನೆಕ್ಕುತ್ತಿದ್ದ. ಬೆಳಿಗ್ಗೆ ಎದ್ದೊಡನೆ ಮುಂಗಾಲು ಚಾಚಿ ಮೈಮುರಿಯುವ ಅಭ್ಯಾಸ ಯಾವತ್ತು ನಿಂತಿತೋ ನನಗೆ ಗೊತ್ತೇ ಆಗಲಿಲ್ಲ. ಇವೆಲ್ಲ ನೋವಿನ ಭಾಷೆ. ನನಗೆ ಓದಲು ಬರುತ್ತಿತ್ತು. ಓದಿ, ಬೇರೆ ಅರ್ಥ ಹೇಳಿಕೊಳ್ಳುತ್ತಿದ್ದೆ. ವಯಸ್ಸಾಯ್ತಲ್ಲ, ಎನ್ನುತ್ತಿದ್ದೆ.

ಆ ಏಳು ಸಾಲಿನ ಹಾಳೆಯನ್ನು ಮಾಡಿದವರು ಆಲಿಸ್ ವಿಲ್ಲಾಲೋಬೋಸ್ ಎನ್ನುವ ಅಮೆರಿಕದ ಪಶುವೈದ್ಯೆ, ಪ್ರಾಣಿಗಳ ಕ್ಯಾನ್ಸರ್ ಚಿಕಿತ್ಸೆಯವರು. 2004ರಲ್ಲಿ ಹೊರಬಂದ ಈ ಪಟ್ಟಿ ಈಗ ನಮ್ಮ ಊರುಗಳ ಡಾಕ್ಟರುಗಳ ಮೇಜಿನ ಮೇಲೂ ಇರುತ್ತದೆ. ನೋವು, ಹಸಿವು, ಮೈಯಲ್ಲಿನ ನೀರಿನಂಶ, ಶುಚಿ, ಸಂತೋಷ, ಓಡಾಟ, ಕೊನೆಗೆ ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎನ್ನುವುದು. ಉಸಿರಾಟದ ಕಷ್ಟವೂ ನೋವಿನ ಸಾಲಿನಲ್ಲೇ ಸೇರುತ್ತದೆ. ಉಸಿರು ಸಿಗದಿರುವುದಕ್ಕಿಂತ ದೊಡ್ಡ ನೋವು ಯಾವುದು? ನೀರಿನಂಶ ನೋಡುವುದು ಸುಲಭ. ಮೇಲ್ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಬೇಕು. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು, ವಸಡು ಬೆರಳಿಗೆ ಅಂಟದೆ ಜಾರಬೇಕು. ಕತ್ತಿನ ಚರ್ಮ ಎತ್ತಿ ನೋಡುವುದೂ ಒಂದು ಪರೀಕ್ಷೆಯೇ, ಆದರೆ ಮುದಿ ನಾಯಿಯ ಚರ್ಮ ಹೇಗೂ ನಿಧಾನಕ್ಕೆ ಇಳಿಯುತ್ತದೆ, ಅದನ್ನೊಂದೇ ನಂಬುವ ಹಾಗಿಲ್ಲ.

ಹಾಳೆಯ ಜೊತೆಗೆ ಕ್ಯಾಲೆಂಡರ್. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಚೌಕದೊಳಗೇ ಒಳ್ಳೆಯ ದಿನಕ್ಕೆ ಹಸಿರು ಚುಕ್ಕೆ, ಕೆಟ್ಟ ದಿನಕ್ಕೆ ಕೆಂಪು. ಯಾವುದು ಒಳ್ಳೆಯ ದಿನ ಎಂದು ಮೊದಲೇ ಬರೆದಿಟ್ಟುಕೊಳ್ಳಿ ಎಂದಿದ್ದರು ಡಾಕ್ಟ್ರು. ಗುಂಡನಿಗೆ ಪ್ರಿಯವಾದ ನಾಲ್ಕು ಕೆಲಸ ಬರೆದೆ: ಪೇಪರ್ ಹುಡುಗನ ಸೈಕಲ್ಲಿಗೆ ಬೊಗಳುವುದು, ಮೊಸರಿನ ಸದ್ದಿಗೆ ಓಡಿ ಬರುವುದು, ಸಂಜೆ ಪಾರ್ಕಿನ ಗೇಟಿನವರೆಗೆ ಹೋಗುವುದು, ಕಸ ಗುಡಿಸುವಾಗ ಪೊರಕೆ ಕಚ್ಚುವುದು. ಇದರಲ್ಲಿ ಎರಡಾದರೂ ಆದರೆ ಹಸಿರು.

ಡಿಸೆಂಬರ್ ಮುಗಿಯುವ ಹೊತ್ತಿಗೆ ಪಾರ್ಕು ನಿಂತಿತು. ನಾನು ಪಟ್ಟಿಯನ್ನು ತಿದ್ದಿದೆ. ಪಾರ್ಕಿನ ಗೇಟಿನ ಬದಲು ನಮ್ಮ ಗೇಟು. ಸೈಕಲ್ಲಿಗೆ ಬೊಗಳದಿದ್ದರೂ ಕಿವಿ ನಿಮಿರಿಸಿದರೆ ಅರ್ಧ ಹಸಿರು. ಪ್ರಶ್ನೆಪತ್ರಿಕೆ ಕಷ್ಟವಾಯಿತೆಂದು ಪರೀಕ್ಷೆ ನಡೆಯುತ್ತಿರುವಾಗಲೇ ಪ್ರಶ್ನೆ ಬದಲಾಯಿಸಿದ ಹಾಗೆ.

ನಮ್ಮ ಮನೆಗೆಲಸಕ್ಕೆ ಬರುವಾಕೆ 12 ವರ್ಷದಿಂದ ಬರುತ್ತಿದ್ದಾರೆ. ಏಳನೇ ಕ್ಲಾಸಿನವರೆಗೆ ಓದಿದವರು. ಬೆಳಿಗ್ಗೆ ಒಂದೂವರೆ ಗಂಟೆ ಇದ್ದು ಹೋಗುತ್ತಾರೆ. ಒಂದು ಭಾನುವಾರ ನಾನು ಹಾಳೆ ತುಂಬುತ್ತಾ ಕೂತಿದ್ದಾಗ ಏನು ಬರೀತಿದ್ದೀರಿ ಎಂದು ಕೇಳಿದರು. ಹೇಳಿದೆ. ಎಷ್ಟು ಹಾಕಿದಿರಿ ಎಂದರು. 47 ಎಂದೆ. ಅವರು ಏನೂ ಮಾತಾಡಲಿಲ್ಲ. ಪಾತ್ರೆ ತಿಕ್ಕುವ ಸದ್ದು ಮಾತ್ರ ಸ್ವಲ್ಪ ಜೋರಾಯಿತು.

ಆಗ ನನಗೆ ಹೊಳೆದದ್ದು ನಮ್ಮ ಇಲಾಖೆಯ ಹಳೆಯ ನಿಯಮ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯನ್ನು ಮಕ್ಕಳಿಗೆ ಪಾಠ ಮಾಡಿದ ಟೀಚರ್ ತಿದ್ದುವುದಿಲ್ಲ. ನೋಂದಣಿ ಸಂಖ್ಯೆ ಮುಚ್ಚಿ, ಕೋಡ್ ಹಾಕಿ, ಬೇರೆ ಜಿಲ್ಲೆಗೆ ಕಳಿಸುತ್ತಾರೆ. ಟೀಚರಿನ ಪ್ರಾಮಾಣಿಕತೆಯ ಮೇಲೆ ಅನುಮಾನವಿದೆ ಎಂದಲ್ಲ, ಪ್ರೀತಿಯ ಮೇಲೆ ಅನುಮಾನ. ಹಾಲಿನ ಲೆಕ್ಕದ ಪುಸ್ತಕದಿಂದ ಒಂದು ಹಾಳೆಗೆ ಗೆರೆ ಎಳೆದು ಅವರ ಕೈಗೆ ಕೊಟ್ಟೆ. ನನ್ನದನ್ನು ತೋರಿಸಲಿಲ್ಲ. ಅವರು ಗುಂಡನ ಪಕ್ಕ ನೆಲದ ಮೇಲೆ ಕೂತು, ಅವನ ಮುಖ ನೋಡಿಕೊಂಡು, ಒಂದೊಂದೇ ಅಂಕ ಹಾಕಿದರು.

ನೋವಿನಿಂದ ಬಿಡುಗಡೆ: ನಾನು 6, ಅವರು 3. ಹಸಿವು: ನಾನು 10, ಅವರು 9. ನೀರು: 8, 7. ಶುಚಿ: 6, 3. ಸಂತೋಷ: 7, 3. ಓಡಾಟ: 5, 2. ಒಳ್ಳೆಯ ದಿನ: 5, 2. ನನ್ನ ಮೊತ್ತ 47, ಅವರದು 29.

"ಪೊರಕೆ ಕಚ್ತಿದ್ದ ಟೀಚರಮ್ಮ," ಎಂದರು. "ಈಗ ಪೊರಕೆ ಕಾಲಿಗೆ ತಾಗಿದ್ರೂ ಏಳಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡು ಮಲಗ್ತಾನೆ. ನೀವು ದಿನವಿಡೀ ಜೊತೇಲೇ ಇರ್ತೀರಲ್ಲ, ನಿಮಗೆ ಕಾಣಲ್ಲ."

ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿದಾಗ ಗಣಿತದ ಟೀಚರಿಗೆ ಇನ್ನೊಂದು ವಿಷಯ ಕಂಡಿತು. ಅವರ 29ರಲ್ಲೂ 16 ಅಂಕ ಹಸಿವು ಮತ್ತು ನೀರಿನದೇ. ತಿಂಡಿಪೋತ ನಾಯಿಯ ಮೊತ್ತವನ್ನು ತಟ್ಟೆಯೇ ಎತ್ತಿ ಹಿಡಿದಿತ್ತು. ಕನ್ನಡದಲ್ಲಿ 90 ಬಂತು ಎಂದು ಗಣಿತದಲ್ಲಿ 12 ಬಂದವನನ್ನು ಪಾಸು ಮಾಡುತ್ತಾರೆಯೇ? ಒಂದೊಂದು ವಿಷಯದಲ್ಲೂ ಪಾಸಾಗಬೇಕು. ವಿಲ್ಲಾಲೋಬೋಸ್ ಅವರೂ ಒಂದೊಂದು ಸಾಲಿನಲ್ಲೂ 5ರ ಮೇಲಿದ್ದರೆ ಒಳ್ಳೆಯದು ಎಂದೇ ಹೇಳುತ್ತಾರೆ. ಯಾರಾದರೂ ನನ್ನನ್ನು ಕೇಳಿದರೆ, ಮೊತ್ತ ಹಾಕುವ ಮೊದಲು ನೋವಿನ ಸಾಲನ್ನು ಒಂಟಿಯಾಗಿ ನೋಡಿ ಎನ್ನುತ್ತೇನೆ. ಔಷಧ ಏರಿಸಿದ ಮೇಲೂ ಅದು ಏಳದಿದ್ದರೆ ಉಳಿದ ಆರು ಸಾಲು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಡಾಕ್ಟರಿಗೆ ಫೋನ್ ಮಾಡಿದೆ. ಔಷಧ ಏರಿಸಿದರು. ಮರುವಾರ ನೋವಿನ ಸಾಲಿಗೆ ಮನೆಗೆಲಸದಾಕೆ ಹಾಕಿದ್ದು 2. ಜನವರಿ 11ರ ಶನಿವಾರ ಮಧ್ಯಾಹ್ನ ಮನೆಗೇ ಬರುತ್ತೇನೆ ಎಂದರು ಡಾಕ್ಟ್ರು. ನಾನು ಹೂಂ ಎಂದೆ.

ಮನೆಯಲ್ಲಿ ಗಲಾಟೆ ಶುರುವಾದದ್ದು ಆಮೇಲೆ. "ಜೀವ ಕೊಟ್ಟೋನು ತಗೋಬೇಕು, ನಾವ್ಯಾರು?" ಎಂದ ಅಣ್ಣ. ಇದು ಸಣ್ಣ ಮಾತಲ್ಲ, ಹಗುರವಾಗಿ ತಳ್ಳಿಹಾಕಲು ನನಗೂ ಬರುವುದಿಲ್ಲ. ಆದರೆ ಈ ದೇಶದಲ್ಲಿ ಇದೇ ಜಗಳ ದೊಡ್ಡದಾಗಿ ಒಮ್ಮೆ ನಡೆದಿದೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದ ನೋವಿನಲ್ಲಿ ಬಿದ್ದುಕೊಂಡಿತ್ತು. ಪಕ್ಕ ತಿರುಗಿಸಿದರೂ ನರಳುತ್ತಿತ್ತು. ಗಾಂಧೀಜಿ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸಿ ಅದರ ಪ್ರಾಣ ತೆಗೆಸಿದರು. ಸುದ್ದಿ ಹರಡಿ, ಅಹಿಂಸೆಯ ಗಾಂಧಿ ಗೋಹತ್ಯೆ ಮಾಡಿಸಿದರೆಂದು ಬೈಗುಳದ ಪತ್ರಗಳ ಮಳೆಯೇ ಸುರಿಯಿತು. ಅವರು ಮುಚ್ಚಿಡಲಿಲ್ಲ. ತಮ್ಮ ಪತ್ರಿಕೆಗಳಲ್ಲೇ ಎಲ್ಲವನ್ನೂ ಬರೆದು, ವಾಸಿಮಾಡಲಾಗದ ಯಾತನೆಯನ್ನು ಮುಗಿಸುವುದು ಅಹಿಂಸೆಯೇ ಎಂದು ವಾದಿಸಿದರು. ಅಣ್ಣನಿಗೆ ಇದನ್ನು ಹೇಳಿದೆ. "ಗಾಂಧಿ ಮಹಾತ್ಮ, ನೀನು ಟೀಚರು," ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನು ಏನನ್ನುತ್ತದೆ ಎಂದು ಕೇಳುವವರಿದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಉಳಿಸಿಕೊಳ್ಳುವುದೇ ಕ್ರೌರ್ಯವಾಗುವಷ್ಟು ನರಳುವ ಪ್ರಾಣಿಯ ಬಗ್ಗೆ ಒಂದು ದಾರಿ ಬಿಟ್ಟಿದೆ. ಸಾಕಿದ ನಾಯಿಯಾದರೆ ಅರ್ಹ ಪಶುವೈದ್ಯರು ನೋಡಿ, ನಿಮ್ಮ ಒಪ್ಪಿಗೆಗೆ ಸಹಿ ಹಾಕಿಸಿಕೊಂಡು ಮಾಡುತ್ತಾರೆ. ಬೀದಿನಾಯಿಗಳ ವಿಷಯದಲ್ಲಿ 2001ರಲ್ಲಿ ನಿಯಮಗಳು ಬಂದವು, 2023ರಲ್ಲಿ ಅವನ್ನು ಹೊಸದಾಗಿ ಬರೆದರು. ವಾಸಿಯಾಗದ ಕಾಯಿಲೆಯವು, ಸಾಯುವಂಥ ಗಾಯವಾದವು ಮಾತ್ರ ದಯಾಮರಣಕ್ಕೆ ಒಳಪಡುತ್ತವೆ. 2001ರ ನಿಯಮದಲ್ಲಿ ಒಂದು ಸಾಲಿತ್ತು: ಒಂದು ನಾಯಿಗೆ ಹೀಗೆ ಮಾಡುವಾಗ ಇನ್ನೊಂದು ನಾಯಿ ಅಲ್ಲಿ ಇರಬಾರದು. ಸರಕಾರಿ ಕಾಗದದಲ್ಲಿ ಇಂಥ ಸಾಲು ಬರೆದವರು ಯಾರೋ, ಅವರ ಮನೆಯಲ್ಲೂ ಒಂದು ನಾಯಿ ಇದ್ದಿರಬೇಕು.

ಜನವರಿ 9ಕ್ಕೆ ಮಗನ ಫೋನು. "ಅಮ್ಮಾ, 24ಕ್ಕೆ ಟಿಕೆಟ್ ಆಗಿದೆ. 11ರಿಂದ ಹದಿಮೂರು ದಿನ ಅಷ್ಟೇ. ನಾನು ಬರೋವರೆಗೆ ಇಟ್ಕೊಳ್ಳಿ." ಅವನು ಅಳುತ್ತಿದ್ದ. 26 ವರ್ಷದ ಗಂಡಸು. ಡಾಕ್ಟರಿಗೆ ಫೋನ್ ಮಾಡಿ ಮುಂದೂಡಿದೆ. ಅವರು ಬೇಡ ಎನ್ನಲಿಲ್ಲ. "ಕಾಲಿನ ಮೇಲೆ ಭಾರ ಬೀಳದ ಹಾಗೆ ನೋಡ್ಕೊಳ್ಳಿ," ಎಂದರು.

ಗಮ್ಮತ್ತೆಂದರೆ ಮುಂದೂಡಿದ ಮರುದಿನ ಗುಂಡ ಚೇತರಿಸಿಕೊಂಡ. ಪೇಪರ್ ಹುಡುಗನಿಗೆ ಬೊಗಳಿದ. ಸಂಕ್ರಾಂತಿಯ ದಿನ ಕಬ್ಬು ಅಗಿದ. ನೋಡಿ, ಅವತ್ತೇ ಕಳಿಸಿಬಿಡುತ್ತಿದ್ದೆವಲ್ಲ ಎಂದು ನಮ್ಮನೆಯವರ ಕಣ್ಣಲ್ಲಿ ನೀರು. ಆರುವ ದೀಪ ಒಮ್ಮೆ ಉರಿಯುತ್ತದೆ ಎನ್ನುವ ಗಾದೆ ನಮಗೆಲ್ಲ ಬಾಯಿಪಾಠ, ನಮ್ಮ ಮನೆಯ ದೀಪದ ವಿಷಯದಲ್ಲಿ ಮಾತ್ರ ನೆನಪಿಗೆ ಬರುವುದಿಲ್ಲ. ದಿನ ಗೊತ್ತುಮಾಡಿದ ಮೇಲೆ ನಾಯಿ ಎದ್ದು ಕೂತು, ಮನೆಯವರು ರದ್ದು ಮಾಡುವುದು ಬಹಳ ಸಾಮಾನ್ಯವಂತೆ. ಡಾಕ್ಟ್ರು ಆಮೇಲೆ ಹೇಳಿದರು. ಕ್ಯಾಲೆಂಡರಿನಲ್ಲಿ ನಾನು ದೊಡ್ಡ ಹಸಿರು ಚುಕ್ಕೆ ಇಟ್ಟೆ.

19ರ ಬೆಳಗಿನ ಜಾವ ಒಂದೂವರೆಗೆ ಗುಂಡ ಉಚ್ಚೆಗೆಂದು ಎದ್ದ. ಜಗಲಿಯಿಂದ ಅಂಗಳಕ್ಕೆ ಇರುವುದು ಎರಡೇ ಮೆಟ್ಟಿಲು, ಅದರ ಮೇಲೆ ಹಲಗೆಯ ಇಳಿಜಾರೂ ಮಾಡಿದ್ದೆವು. ಹಲಗೆಯ ಮೇಲೆ ಕಾಲಿಟ್ಟ. ಒಣಗಿದ ತೆಂಗಿನ ಗರಿ ಮುರಿದಂಥ ಸದ್ದು. ಅಷ್ಟು ದಿನ ಬಾಯಿ ಬಿಡದಿದ್ದವನ ದನಿ ಅವತ್ತು ಬೀದಿಗೆಲ್ಲ ಕೇಳಿಸಿತು. ಎತ್ತಲು ಹೋದ ನನ್ನ ಕೈ ಕಚ್ಚಿದ. 9 ವರ್ಷದಲ್ಲಿ ಒಂದು ಸಲವೂ ಹಲ್ಲು ತೋರಿಸದ ನಾಯಿ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಗುರುತು ಇದೆ. ಇಂಥ ಹೊತ್ತಿನಲ್ಲಿ ಎಷ್ಟೇ ಮುದ್ದಿನ ನಾಯಿಯಾದರೂ ಮುಖದ ಹತ್ತಿರ ಕೈ ಒಯ್ಯಬಾರದು. ದಪ್ಪ ಕಂಬಳಿಯಲ್ಲಿ ಮೈ ಮುಚ್ಚಿ, ಇದ್ದಲ್ಲೇ ಅಲುಗಾಡದಂತೆ ಇಡಬೇಕು, ನಾವೇ ಪಟ್ಟಿ ಕಟ್ಟಲು ಹೋಗಬಾರದು.

ಡಾಕ್ಟ್ರು ಮದುವೆಗೆಂದು ಮಂಡ್ಯಕ್ಕೆ ಹೋಗಿದ್ದರು. ಫೋನೆತ್ತಿದ್ದು ಐದಕ್ಕೆ, ಬಂದದ್ದು ಆರೂಮುಕ್ಕಾಲಿಗೆ. ಅವರ ತಪ್ಪೇನೂ ಇಲ್ಲ. ಅವರು ಬರಬೇಕಾಗಿದ್ದ ದಿನ 11, ನಾನು ಬೇಡ ಎಂದಿದ್ದೆ. ಆ ಐದು ಗಂಟೆ ಕಾಲು ಅಂಗಳದಲ್ಲಿ ಕೂತಿದ್ದೆವು. ನಾಲ್ಕು ಗಂಟೆಗೆ ನೋವಿನ ಮಾತ್ರೆ ಪುಡಿಮಾಡಿ ಮೊಸರನ್ನಕ್ಕೆ ಕಲಸಿ ಮುಂದಿಟ್ಟೆ. ಗುಂಡ ತಿಂದ. ತಟ್ಟೆ ನೆಕ್ಕಿದ. ಅನ್ನ ಬಿಟ್ಟಮೇಲೆ ನೋಡೋಣ ಎಂದವರಿಗೆಲ್ಲ ಆ ತಟ್ಟೆ ತೋರಿಸಬೇಕಿತ್ತು.

ಕೊನೆಯ ಕೆಲಸ ಹೇಗೆ ನಡೆಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ಮೊದಲು ಮಾಂಸಖಂಡಕ್ಕೆ ಮಂಪರಿನ ಇಂಜೆಕ್ಷನ್. ಹತ್ತು–ಹದಿನೈದು ನಿಮಿಷದಲ್ಲಿ ನಾಯಿ ಮಲಗುತ್ತದೆ. ಗುಂಡನ ಏದುಸಿರು ಅಲ್ಲಿಗೇ ನಿಂತಿತು, ಎಷ್ಟೋ ವಾರಗಳ ಮೇಲೆ ಮೊದಲ ಸಲ ಮೈ ಚೆಲ್ಲಿದ. ಆಮೇಲೆ ಕಾಲಿನ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ ಅರಿವಳಿಕೆ ಔಷಧವನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ, ನಮ್ಮಲ್ಲಿ ಸಾಮಾನ್ಯವಾಗಿ ಥಯೋಪೆಂಟೋನ್. ಮೊದಲು ಮಿದುಳು ನಿದ್ದೆಗೆ ಹೋಗುತ್ತದೆ, ಆಮೇಲೆ ಉಸಿರು, ಆಮೇಲೆ ಹೃದಯ. ಒಂದೆರಡು ನಿಮಿಷ. ಕಣ್ಣು ತೆರೆದೇ ಇರುತ್ತದೆ, ಮುಚ್ಚಿದರೂ ಮುಚ್ಚಿಕೊಳ್ಳುವುದಿಲ್ಲ. ಹೃದಯ ನಿಂತ ಮೇಲೂ ಒಂದೆರಡು ಸಲ ದೊಡ್ಡದಾಗಿ ಉಸಿರೆಳೆದ ಹಾಗೆ ಆಗಬಹುದು, ತೊಡೆಯ ಮಾಂಸ ಅದುರಬಹುದು, ಉಚ್ಚೆ ಹೋಗಬಹುದು. ಅದು ಜೀವವಲ್ಲ, ಮೈಯ ಹಳೆಯ ಅಭ್ಯಾಸ. ಮೊದಲೇ ತಿಳಿದಿರದಿದ್ದರೆ ಇನ್ನೂ ಬದುಕಿದ್ದಾನೆ ಎಂದು ಕಿರುಚಿಕೊಳ್ಳುತ್ತೀರಿ. ನಾನು ಕಿರುಚಿದೆ. ಡಾಕ್ಟರನ್ನು ಮುಂಚೆಯೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಮೊದಲು ಮಂಪರು ಕೊಡುತ್ತೀರಾ? ಪೊಟ್ಯಾಸಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟಿನಂಥವನ್ನು ಎಚ್ಚರವಿರುವ ಪ್ರಾಣಿಗೆ ಕೊಡುವುದು ಯಾತನೆ. ಅರಿವು ಪೂರ್ತಿ ಹೋಗಿರುವಾಗ ಮಾತ್ರ ಅವಕ್ಕೆ ಜಾಗ.

ಮಗ ವಿಡಿಯೋ ಕಾಲಿನಲ್ಲಿದ್ದ. ಅವನಿಗೆ ನಡುರಾತ್ರಿ. ಫೋನನ್ನು ನಮ್ಮನೆಯವರು ಗುಂಡನ ಕಿವಿಯ ಹತ್ತಿರ ಹಿಡಿದಿದ್ದರು.

ನಂಜನಗೂಡಿನ ಹತ್ತಿರ ಅಣ್ಣನ ತೆಂಗಿನ ತೋಟದಲ್ಲಿ ಮಣ್ಣುಮಾಡಿದೆವು. ಪಾಪ ಎಂದು ಜಗಳವಾಡಿದ್ದ ಅಣ್ಣನೇ ಗುಂಡಿ ತೋಡಿಸಿ ಕಾಯುತ್ತಿದ್ದ. ಐದಡಿ ಆಳ ಇರಲೇಬೇಕು ಎಂದಿದ್ದರು ಡಾಕ್ಟ್ರು. ಕೊಟ್ಟ ಔಷಧ ಹೆಣದಲ್ಲಿ ಬಹಳ ಕಾಲ ಉಳಿಯುತ್ತದೆ, ನರಿಯೋ ಬೀದಿನಾಯಿಯೋ ಕೆದಕಿ ತಿಂದರೆ ಅವೂ ಸಾಯುತ್ತವೆ. ಹೀಗೆ ತಿಂದು ಹದ್ದುಗಳು ಸತ್ತ ಪ್ರಕರಣಗಳು ಬೇರೆ ದೇಶಗಳಲ್ಲಿ ಆಗಿವೆ. ಜಾಗವಿಲ್ಲದ ಊರಿನವರು ಪಾಲಿಕೆಯನ್ನು ಕೇಳಬೇಕು. ಬೆಂಗಳೂರಿನ ಸುಮನಹಳ್ಳಿಯಲ್ಲಿ ಪ್ರಾಣಿಗಳಿಗೆಂದೇ ವಿದ್ಯುತ್ ಚಿತಾಗಾರವಿದೆ. ಗುಂಡಿಯ ಮೇಲೆ ಕಲ್ಲು ನೆಡೋಣವೇ ಎಂದ ಅಣ್ಣ. ಶಾಲೆಯ ಮಕ್ಕಳನ್ನು ಬೆಂಗಳೂರಿನ ಸರಕಾರಿ ಮ್ಯೂಸಿಯಂಗೆ ಕರೆದೊಯ್ದಾಗಲೆಲ್ಲ ಆತಕೂರಿನ ಕಲ್ಲಿನ ಮುಂದೆ ನಿಲ್ಲಿಸುತ್ತಿದ್ದೆ. ಹತ್ತನೇ ಶತಮಾನದಲ್ಲಿ ಹಂದಿಯೊಡನೆ ಕಾದಾಡಿ ತಾನೂ ಸತ್ತ ಕಾಳಿ ಎನ್ನುವ ನಾಯಿಗೆ ನಿಲ್ಲಿಸಿದ ಕಲ್ಲು, ಮಂಡ್ಯ ಜಿಲ್ಲೆಯದು. ಕಾಳಿಯ ಒಡೆಯ ಮನಲೇರನಿಗೆ ದಿನ ಗೊತ್ತುಮಾಡುವ ಕಷ್ಟ ಬರಲಿಲ್ಲ. ಗುಂಡನಿಗೆ ಕಲ್ಲು ಬೇಡ ಎಂದೆ.

ಇದಾದ ಮೇಲೆ ಎಷ್ಟೋ ಜನ ಫೋನ್ ಮಾಡುತ್ತಾರೆ. ಟೀಚರ್, ನಮ್ಮದಕ್ಕೂ ಹೀಗೇ ಆಗಿದೆ, ಯಾವಾಗ ಅಂತ ಹೇಗೆ ಗೊತ್ತಾಗುತ್ತೆ? ಬೇಗ ಕಳಿಸಿದವರಿಗೂ ಅಳು ತಪ್ಪುವುದಿಲ್ಲ, ಹಾಗಾಗಿ ದಿನ ಹೇಳಲು ನಾನು ಹೋಗುವುದಿಲ್ಲ. ಹಾಳೆ ಕೊಡುತ್ತೇನೆ. ನೀವು ತುಂಬಿ, ಇನ್ನೊಂದು ಪ್ರತಿ ನಿಮ್ಮ ಮನೆಯವರಲ್ಲದ ಒಬ್ಬರ ಕೈಯಲ್ಲಿ ತುಂಬಿಸಿ ಎನ್ನುತ್ತೇನೆ. ಹಾಲಿನವರಾಗಲಿ, ಇಸ್ತ್ರಿಯವರಾಗಲಿ, ದಿನಕ್ಕೊಮ್ಮೆ ನಾಯಿಯನ್ನು ನೋಡುವ ಯಾರಾದರೂ ಸರಿ. ಒಳ್ಳೆಯ ದಿನ ಯಾವುದೆಂದು ಶಾಯಿಯಲ್ಲಿ ಬರೆಯಿರಿ, ಪೆನ್ಸಿಲ್ಲಿನಲ್ಲಿ ಬೇಡ.

ಮಗ 24ಕ್ಕೇ ಬಂದ. ಖಾಲಿ ಜಗಲಿ ನೋಡಿ, ಒಳಗೆ ಬಂದು, ಊಟದ ಮೇಜಿನ ಮೇಲಿದ್ದ ಹಾಲಿನ ಪುಸ್ತಕ ತಿರುವುತ್ತಾ ಕೂತ. ಮನೆಗೆಲಸದಾಕೆ ಬರೆದ ಕೊನೆಯ ಹಾಳೆ ಸಂಕ್ರಾಂತಿಯ ದಿನದ್ದು. ನೋವಿಗೆ 2, ಶುಚಿಗೆ 2, ಓಡಾಟಕ್ಕೆ 1. ಸಂತೋಷದ ಸಾಲಿನಲ್ಲಿ ಮಾತ್ರ 3 ಹೊಡೆದು 4 ಮಾಡಿತ್ತು.

"ಇಲ್ಲಿ ಯಾಕೆ ತಿದ್ದಿದ್ದೀರಿ?" ಎಂದು ಕೇಳಿದ.

ಅವರು ಸಿಂಕಿನ ಹತ್ತಿರ ಬೆನ್ನು ಮಾಡಿ ನಿಂತಿದ್ದರು. "ಅವತ್ತು ಎಳ್ಳುಬೆಲ್ಲ ಕೊಟ್ಟೆ ಕಣಪ್ಪ. ಬಾಲ ಆಡಿಸ್ದ," ಎಂದರು. "ಒಂದು ಜಾಸ್ತಿ ಹಾಕ್ಬಿಟ್ಟೆ."